ಪ್ರಾರ್ಥನೆಗೆ ಉತ್ತರ ತಡ ಆದಾಗ ಏನ್ ಮಾಡೋದು

ಕೆಲಸಕ್ಕೋ ಮಗುಗೋ ಪ್ರಾರ್ಥನೆ ಮಾಡ್ತಾ ವರ್ಷಗಟ್ಟಲೆ ಕಾಯ್ತಿರೋರು ಮೊದ್ಲು ಬೈಬಲ್‌ನ ಕೀರ್ತನೆ 13 ಓದಿ, ಬರೀ 6 ವಚನ, ಎಷ್ಟರ ತನಕ ಅಂತ ನಾಲ್ಕು ಸಲ ದೇವರನ್ನೇ ಕೇಳಿ ಕೊನೇಲಿ ನಂಬಿಕೆಯಿಂದ ಹಾಡೋದಕ್ಕೆ ಬರತ್ತೆ, ಅಂದ್ರೆ ನಿಮ್ಮ ಅಳು ಮುಚ್ಚಿಡ್ಬೇಕಿಲ್ಲ, ಅದನ್ನೇ ಬಾಯಿಬಿಟ್ಟು ಹೇಳಿ. ಒಂದೇ ಮಾತು ದಿನಾ ಕೇಳೋಕೆ ಸಂಕೋಚ ಬೇಡ, ಶಿಲುಬೆಗೆ ಹಾಕೋ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸು ಸ್ವಾಮಿನೂ ಮೂರು ಸಲ ಅದೇ ಪ್ರಾರ್ಥನೆ ಮಾಡಿದ್ರು, ಆದ್ರೆ ನಿನ್ನ ಚಿತ್ತದಂತೆ ಆಗ್ಲಿ ಅನ್ನೋದನ್ನ ಸೇರಿಸಿ, ಇದೇ ಕಷ್ಟದ ಭಾಗ ನೋಡಿ, ನಿಧಾನಕ್ಕೆ ಬರತ್ತೆ.

ಟೈಮ್ ಇಲ್ವಾ? ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ಬಸ್ಸಲ್ಲೇ ಕೂತು ಮಾಡಿ.

ಒಬ್ರಿಗೇ ಆಗ್ತಿಲ್ಲ ಅಂದ್ರೆ ಗುರುವಾರ ಬೆಂಗಳೂರಿನ ವಿವೇಕನಗರದ ಬಾಲಯೇಸು ದೇವಾಲಯದ ನೊವೇನಾಗೆ (ಒಂಬತ್ತು ಸಲ ಸತತವಾಗಿ ಮಾಡೋ ಪ್ರಾರ್ಥನೆ) ಹೋಗಿ, ರಶ್ ಇರತ್ತೆ, ಸ್ವಲ್ಪ ಬೇಗ ಹೊರಡಿ. ಕಾಯೋ ಹೊತ್ತಲ್ಲಿ ಡಾಕ್ಟರ್, ಇಂಟರ್ವ್ಯೂ ಯಾವ್ದನ್ನೂ ದಯವಿಟ್ಟು ಬಿಡ್ಬೇಡಿ.