ಬಿಸಿ ತಾಗಿದರೆ ಬೆಳಕು ಹೆಚ್ಚುತ್ತದೆಯೇ? ಹೊಳೆಯುವ ಸ್ಟಿಕರ್‌ನಲ್ಲೇ ನೋಡಿ

ಕತ್ತಲಲ್ಲಿ ಗಂಟೆಗಟ್ಟಲೆ ಹಸಿರಾಗಿ ಹೊಳೆಯುವ ಸ್ಟಿಕರ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಸ್ಟ್ರಾನ್ಷಿಯಂ ಅಲ್ಯುಮಿನೇಟ್ ಪುಡಿ. ಅದರಲ್ಲಿ ಯುರೋಪಿಯಂ, ಡಿಸ್ಪ್ರೋಸಿಯಂ ಎಂಬ ಎರಡು ರೇರ್ ಅರ್ಥ್ ಲೋಹಗಳನ್ನು ತೀರಾ ಸ್ವಲ್ಪ ಬೆರೆಸಿರುತ್ತಾರೆ. ಈ ಮಿಶ್ರಣದ ವಿವರ ಜಪಾನಿನಿಂದ 1996ರಲ್ಲಿ ಪ್ರಕಟವಾಯಿತು. ಅದಕ್ಕೂ ಮುಂಚಿನ ಸತುವಿನ ಸಲ್ಫೈಡ್ ಪುಡಿ ಬೇಗ ಮಂಕಾಗುತ್ತಿತ್ತು. ಇಂಥ ಬೆಳಕಿನ ಮೇಲೆ ಬಿಸಿ ಏನು ಮಾಡುತ್ತದೆ ಎಂದು ಮನೆಯಲ್ಲೇ ನೋಡಬಹುದು.

ಒಂದೇ ಹಾಳೆಯಿಂದ ಒಂದೇ ಅಳತೆಯ ಮೂರು ತುಂಡು ಕತ್ತರಿಸಿ. ಒಂದೊಂದನ್ನೂ ಜಿಪ್ ಕವರ್‌ಗೆ ಹಾಕಿ, ಗಾಳಿ ಒತ್ತಿ ತೆಗೆದು ಮುಚ್ಚಿ. ಈ ಪುಡಿಗೆ ನೀರು ಆಗಿಬರುವುದಿಲ್ಲ, ಹಾಗಾಗಿ ಕವರ್ ಬೇಕೇ ಬೇಕು. ಮೂರು ಲೋಟ ಇಡಿ: ಒಂದರಲ್ಲಿ ಐಸ್ ನೀರು, ಒಂದರಲ್ಲಿ ಮಾಮೂಲಿ ನೀರು, ಇನ್ನೊಂದರಲ್ಲಿ ಸುಮಾರು 60 ಡಿಗ್ರಿಯ ಬಿಸಿನೀರು. ಕುದಿಯುವ ನೀರು ಬೇಡ.

ಈಗ ಮೂರೂ ತುಂಡುಗಳನ್ನು ಪಕ್ಕಪಕ್ಕ ಇಟ್ಟು, ಬಿಳಿ ಎಲ್ಇಡಿ ಟಾರ್ಚಿನ ಬೆಳಕನ್ನು ಎರಡು ನಿಮಿಷ ಒಂದೇ ಸಮ ಬೀಳಿಸಿ. ನೀರಿಗೆ ಹಾಕುವ ಮೊದಲೇ ಈ ಕೆಲಸ ಮುಗಿಯಬೇಕು. ಬಿಸಿಯಲ್ಲಿರುವಾಗ ಬೆಳಕು ತುಂಬಿದರೆ ತುಂಬುತ್ತಿದ್ದಂತೆಯೇ ಸೋರಿಹೋಗುತ್ತದೆ, ಹೋಲಿಕೆ ಕೆಡುತ್ತದೆ. ಟಾರ್ಚ್ ಹಿಡಿದಿರುವಾಗ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಕೊಳ್ಳಿ. ಆಮೇಲೆ ಕತ್ತಲಲ್ಲಿ ಆ ಕಣ್ಣಿಗೆ ಮಂಕು ಬೆಳಕೂ ಚೆನ್ನಾಗಿ ಕಾಣುತ್ತದೆ. ಫೋನಿನಲ್ಲಿ ಚಿತ್ರ ತೆಗೆಯುವುದಾದರೆ ಎಕ್ಸ್‌ಪೋಷರ್ ಲಾಕ್ ಮಾಡಿ, ಇಲ್ಲದಿದ್ದರೆ ಕ್ಯಾಮೆರಾ ಮಂಕಾದದ್ದನ್ನೂ ತಾನೇ ಬೆಳಗಿಸಿಬಿಡುತ್ತದೆ.

ದೀಪ ಆರಿಸಿ, ಮೂರನ್ನೂ ಒಟ್ಟಿಗೆ ಮುಳುಗಿಸಿ. ಬಿಸಿನೀರಿನದು ನೋಡನೋಡುತ್ತಲೇ ಪ್ರಖರವಾಗುತ್ತದೆ. ಐಸಿನಲ್ಲಿದ್ದದ್ದು ಮಂಕಾಗುತ್ತದೆ. ಬಿಸಿಯೇ ಬೆಳಕು ಕೊಡುತ್ತಿದೆ ಅನ್ನಿಸುತ್ತದೆ, ಅಲ್ವಾ? ಆದರೆ ಸ್ವಲ್ಪ ತಾಳಿ. ಕೆಲವು ನಿಮಿಷ ಕಳೆಯುವಷ್ಟರಲ್ಲಿ ಬಿಸಿಯಲ್ಲಿದ್ದ ತುಂಡು ಮಾಮೂಲಿ ನೀರಿನದಕ್ಕಿಂತಲೂ ಮಂಕಾಗಿರುತ್ತದೆ. ಆಗ ಐಸಿನ ತುಂಡನ್ನು ತೆಗೆದು ಬಿಸಿನೀರಿಗೆ ಹಾಕಿ. ಹೊಸದಾಗಿ ಬೆಳಕು ತೋರಿಸದಿದ್ದರೂ ಅದು ಹಸಿರಾಗಿ ಬೆಳಗಿಕೊಳ್ಳುತ್ತದೆ. ಇಡೀ ಪ್ರಯೋಗದಲ್ಲಿ ತಪ್ಪಿಸಿಕೊಳ್ಳಬಾರದ ಕ್ಷಣ ಇದೇ.

ಟಾರ್ಚಿನ ಬೆಳಕು ಬಿದ್ದಾಗ ಯುರೋಪಿಯಂನಿಂದ ಎಲೆಕ್ಟ್ರಾನ್‌ಗಳು ಎದ್ದು, ಹರಳಿನೊಳಗಿನ ಗುಂಡಿಗಳಂಥ ಜಾಗಗಳಲ್ಲಿ ಸಿಕ್ಕಿಬೀಳುತ್ತವೆ. ಆಳವಾದ ಗುಂಡಿಗಳು ಹೆಚ್ಚಲು ಡಿಸ್ಪ್ರೋಸಿಯಂ ಕಾರಣ. ಅಲ್ಲಿಂದ ಮೇಲೇಳಲು ಎಲೆಕ್ಟ್ರಾನಿಗೆ ಶಾಖದ ಅಲುಗಾಟ ಬೇಕು. ಎದ್ದದ್ದು ಯುರೋಪಿಯಂಗೆ ಮರಳಿದಾಗ ಸುಮಾರು 520 ನ್ಯಾನೋಮೀಟರ್ ತರಂಗಾಂತರದ ಹಸಿರು ಬೆಳಕು ಬರುತ್ತದೆ. ಅಂದರೆ ಬಿಸಿ ಹೊಸ ಬೆಳಕನ್ನು ಹುಟ್ಟಿಸುವುದಿಲ್ಲ. ಕೂಡಿಟ್ಟದ್ದನ್ನು ಬೇಗ ಖರ್ಚು ಮಾಡಿಸುತ್ತದೆ, ಅಷ್ಟೇ. ಚಳಿಯಲ್ಲಿ ಅದು ಉಳಿದುಕೊಂಡಿರುತ್ತದೆ.

ಕೆಂಪು ಟಾರ್ಚಿನಿಂದಲೂ ಒಮ್ಮೆ ಬೆಳಕು ತುಂಬಲು ನೋಡಿ. ಎಷ್ಟು ಹೊತ್ತು ಹಿಡಿದರೂ ತುಂಬುವುದಿಲ್ಲ, ಕೆಂಪು ಬೆಳಕಿನ ಕಣಕ್ಕೆ ಅಷ್ಟು ಶಕ್ತಿ ಇಲ್ಲ.

ಹೀಗೆ ಶಕ್ತಿ ಹೀರಿ ಬೆಳಕಾಗಿ ಹೊರಬಿಡುವ ಪುಡಿಗಳಿಗೆ ಫಾಸ್ಫರ್ ಎನ್ನುತ್ತಾರೆ. ಎಲ್ಲ ಫಾಸ್ಫರ್‌ಗಳೂ ಬಿಸಿಗೆ ಹೀಗೆಯೇ ನಡೆದುಕೊಳ್ಳುವುದಿಲ್ಲ. ಬಿಳಿ ಎಲ್ಇಡಿಯಲ್ಲಿ ನೀಲಿ ಬೆಳಕನ್ನು ಹಳದಿಯಾಗಿಸುವ ಸೀರಿಯಂ ಬೆರೆತ ಪುಡಿಯಲ್ಲಿ, ಕೂಡಿಟ್ಟುಕೊಳ್ಳುವ ಗುಂಡಿಗಳ ಪಾತ್ರ ತೀರಾ ಕಡಿಮೆ. ಅದು ಅತಿಯಾಗಿ ಕಾದರೆ ಹೀರಿದ ಶಕ್ತಿಯ ಒಂದು ಪಾಲು ಬೆಳಕಾಗದೆ ಶಾಖವಾಗಿ ಹೋಗುತ್ತದೆ. ಎರ್ಬಿಯಂ ಬೆರೆತ ಪುಡಿಗಳಲ್ಲಿ ಇನ್ನೊಂದು ಸೊಗಸಿದೆ. ಅವು 525 ಮತ್ತು 545 ನ್ಯಾನೋಮೀಟರಿನ ಸುಮಾರಿಗೆ ಎರಡು ಹಸಿರು ಪಟ್ಟಿಗಳಲ್ಲಿ ಬೆಳಕು ಬಿಡುತ್ತವೆ. ಬಿಸಿ ಏರಿದಂತೆ ಮೊದಲನೆಯದರ ಪಾಲು ಜಾಸ್ತಿಯಾಗುತ್ತದೆ. ಎರಡರ ಅನುಪಾತ ಅಳೆದರೆ, ವಸ್ತುವನ್ನು ಮುಟ್ಟದೆಯೇ ಅದರ ಉಷ್ಣತೆ ಎಷ್ಟೆಂದು ಹೇಳಬಹುದು.