ಸಿಯಾಚಿನ್‌ನಲ್ಲಿ ನಾನು ಚಳಿಯ ಫೋಟೊ ತೆಗೆದದ್ದು ಹೀಗೆ

ಹಿಮದ ಮೇಲಿನ ಯುದ್ಧವನ್ನು ಫೋಟೊದಲ್ಲಿ ತೋರಿಸೋಕೆ ಹೋದರೆ ಮೊದಲು ಅಡ್ಡ ಬರುವುದು ಹಿಮದ ಚಂದವೇ. ಬಿಳಿ ಶಿಖರ, ಕಡು ನೀಲಿ ಆಕಾಶ, ಸೊಂಟಕ್ಕೆ ಹಗ್ಗ ಬಿಗಿದು ಸಾಲಾಗಿ ನಡೆಯುವ ಸೈನಿಕರು. ಯಾರು ಕ್ಲಿಕ್ ಮಾಡಿದರೂ ಕ್ಯಾಲೆಂಡರಿಗೆ ಹಾಕುವಂಥ ಚಿತ್ರ ಬರುತ್ತದೆ. ಆದರೆ ಅದನ್ನು ನೋಡಿದವರಿಗೆ ಚಳಿ ತಟ್ಟುವುದಿಲ್ಲ. ಅಲ್ಲಿ ಜೀವ ತೆಗೆಯುತ್ತಿರುವುದು ಆ ಚಳಿಯೇ.

ಸಿಯಾಚಿನ್ ಹಿಮನದಿಯನ್ನು ಹಿಡಿಯಲು ನಮ್ಮ ಸೇನೆ ನಡೆಸಿದ ಕಾರ್ಯಾಚರಣೆ, ಆಪರೇಷನ್ ಮೇಘದೂತ, ಶುರುವಾಗಿದ್ದು 1984ರ ಏಪ್ರಿಲ್ 13ರಂದು. ಅವತ್ತಿನಿಂದ ನಮ್ಮವರು ಹಿಮನದಿಯ ಪಕ್ಕದ ಸಾಲ್ತೊರೊ ಬೆಟ್ಟಸಾಲಿನ ಮೇಲೆ ಕಾವಲು ಕೂತಿದ್ದಾರೆ. 2003ರ ನವೆಂಬರ್‌ನಲ್ಲಿ ಪಾಕಿಸ್ತಾನದ ಜೊತೆ ಕದನವಿರಾಮ ಆಯಿತು, ಗುಂಡಿನ ಸದ್ದು ನಿಂತಿತು. ಸಾವು ನಿಲ್ಲಲಿಲ್ಲ. 2012ರ ಏಪ್ರಿಲ್‌ನಲ್ಲಿ ಗಯಾರಿಯಲ್ಲಿ ಪಾಕಿಸ್ತಾನದ ನೆಲೆಯ ಮೇಲೆ ಹಿಮ ಕುಸಿದು 140 ಜನ ಸತ್ತರು. 2016ರ ಫೆಬ್ರವರಿ 3ರಂದು 19,600 ಅಡಿ ಎತ್ತರದ ಸೋನಮ್ ಪೋಸ್ಟ್ ಮೇಲೆ ಹಿಮ ಬಿದ್ದು ನಮ್ಮ 10 ಜನ ಹೂತುಹೋದರು. ಅವರಲ್ಲಿ ಕುಂದಗೋಳ ತಾಲ್ಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ ಆರನೇ ದಿನ ಉಸಿರಾಡುತ್ತಾ ಸಿಕ್ಕರು. ಇಡೀ ದೇಶ ಕಾಯಿತು. 11ರಂದು ದೆಹಲಿಯಲ್ಲಿ ತೀರಿಕೊಂಡರು.

ಬೆಟದೂರಿನ ಅಂತ್ಯಸಂಸ್ಕಾರದ ಫೋಟೊ ತೆಗೆದವರಲ್ಲಿ ನಾನೂ ಒಬ್ಬ. ನಮ್ಮ ಕಡೆ ಫೆಬ್ರವರಿಯಲ್ಲೇ ಬಿಸಿಲು ಚುರುಕಾಗಿರುತ್ತದೆ. ಆ ಬಿಸಿಲಲ್ಲಿ ನಿಂತ ಜನ ಒಬ್ಬರನ್ನೊಬ್ಬರು ಕೇಳುತ್ತಿದ್ದರು, ಅಷ್ಟು ಹಿಮದ ಕೆಳಗ ಮನಶಾ ಹೆಂಗ ಇದ್ದಾನು ಅಂತ. ನನ್ನ ಹತ್ತಿರ ಅದಕ್ಕೆ ಉತ್ತರವಾಗುವ ಒಂದು ಫೋಟೊ ಇರಲಿಲ್ಲ. ನಾನು ಅದುವರೆಗೆ ನೋಡಿದ್ದ ಸಿಯಾಚಿನ್ ಚಿತ್ರಗಳಲ್ಲೂ ಇರಲಿಲ್ಲ. ಬೇಸ್ ಕ್ಯಾಂಪಿಗೆ ಹೋಗಬೇಕು ಅನ್ನಿಸಿದ್ದು ಆಗ.

ಸೇನೆಯ ಅನುಮತಿ ಸಿಕ್ಕ ಮೇಲೂ ನೇರವಾಗಿ ಹೋಗುವ ಹಾಗಿಲ್ಲ. ಲೇಹ್‌ನಲ್ಲಿ ಉಳಿದು ಮೈಯನ್ನು ತೆಳು ಗಾಳಿಗೆ ಒಗ್ಗಿಸಬೇಕು. ಆಮೇಲೆ ಖರ್ದುಂಗ್ ಲಾ ಘಾಟಿ ದಾಟಿ ನುಬ್ರಾ ಕಣಿವೆ, ಅಲ್ಲಿಂದ ಸುಮಾರು 12,000 ಅಡಿಯ ಬೇಸ್ ಕ್ಯಾಂಪ್. ನಾನು ಫೋಟೊ ತೆಗೆದದ್ದು ಅಲ್ಲಿ ಮತ್ತು ಪಕ್ಕದ ಬ್ಯಾಟಲ್ ಸ್ಕೂಲ್‌ನ ತರಬೇತಿ ಜಾಗದಲ್ಲಿ. ಮೇಲಿನ ಪೋಸ್ಟ್‌ಗಳಿಗೆ ನಾನು ಹೋಗಿಲ್ಲ. ಕ್ಯಾಮೆರಾದ ಜಿಪಿಎಸ್ ಆಫ್ ಮಾಡಿಟ್ಟಿದ್ದೆ. ಸೇನೆ ಇರುವ ಜಾಗ ಫೈಲಿನಲ್ಲಿ ಉಳಿಯಬಾರದು.

ಈಗ ಕೆಲಸದ ಮಾತು. ಬೆಳಕು ಅಳೆಯುವ ಕ್ಯಾಮೆರಾದ ಮೀಟರ್ ಹಿಮ ನೋಡಿದರೆ ಮೋಸ ಹೋಗುತ್ತದೆ. ಎದುರಿಗಿರುವುದೆಲ್ಲ ಸಾಧಾರಣ ಬೂದು ಅಂತ ಅಂದಾಜು ಹಾಕಿ ಬೆಳಕು ಕಡಿಮೆ ಮಾಡುತ್ತದೆ. ಹಿಮ ಬೂದು ಬಣ್ಣಕ್ಕೆ ತಿರುಗುತ್ತದೆ, ಸೈನಿಕನ ಮುಖ ಕಪ್ಪಾಗುತ್ತದೆ. ಅದಕ್ಕೇ ನಾನು ಆಟೋ ಬಿಟ್ಟು ಮ್ಯಾನುಯಲ್‌ಗೆ ಬಂದೆ. ಒಂದು ಚಿಕ್ಕ ಜಾಗವನ್ನಷ್ಟೇ ಅಳೆಯುವ ಸ್ಪಾಟ್ ಮೀಟರಿನಲ್ಲಿ ಮುಖದ ಬೆಳಕು ಅಳೆದುಕೊಂಡೆ. ಹಿಮದ ಮೇಲಿನ ಗೆರೆ ಗುರುತು ಅಳಿಸದಷ್ಟಕ್ಕೆ ನಿಲ್ಲಿಸಿದೆ. ಆಟೋದಲ್ಲೇ ತೆಗೆಯುವವರು ಒಂದರಿಂದ ಎರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಎರಡರಷ್ಟು) ಜಾಸ್ತಿ ಕೊಡಬೇಕು. ಆಕಾಶದ ನೀಲಿ ಗಾಢ ಮಾಡುವ ಪೋಲರೈಸರ್ ಫಿಲ್ಟರ್ ಚೀಲದಲ್ಲೇ ಇರಲಿ. ಆ ಎತ್ತರದಲ್ಲಿ ಆಕಾಶ ಹಾಗೇ ಕಡು ನೀಲಿ. ಪೋಲರೈಸರ್ ಹಾಕಿದರೆ ಕಪ್ಪಾಗಿ ನಾಟಕದ ಪರದೆಯ ಥರ ಕಾಣುತ್ತದೆ.

ಬ್ಯಾಟರಿ ಚಳಿಗೆ ಬೇಗ ಕುಸಿಯುತ್ತದೆ. ಹಾಗಂತ ಅದು ಖಾಲಿಯಾಯಿತು ಅಂದುಕೊಳ್ಳಬಾರದು. ಒಳ ಅಂಗಿಯ ಜೇಬಿನಲ್ಲಿ, ಮೈಗೆ ತಾಗಿಸಿ ಇಟ್ಟರೆ ಮತ್ತೆ ಏಳುತ್ತದೆ. ನಾನು ಒಂದನ್ನು ಕ್ಯಾಮೆರಾದಲ್ಲಿ, ಉಳಿದವನ್ನು ಮೈಮೇಲೆ ಇಟ್ಟು ಬದಲಾಯಿಸುತ್ತಾ ಇದ್ದೆ. ವ್ಯೂಫೈಂಡರ್ ಮೇಲೆ ಉಸಿರು ಬಿಟ್ಟರೆ ಅಲ್ಲೇ ಹೆಪ್ಪುಗಟ್ಟುತ್ತದೆ. ಉಸಿರನ್ನು ಪಕ್ಕಕ್ಕೆ ಬಿಡುವುದು ರೂಢಿಯಾಗಬೇಕು. ಬರಿಗೈಯಲ್ಲಿ ಲೋಹ ಮುಟ್ಟಬಾರದು. ಟ್ರೈಪಾಡ್ ಕಾಲಿಗೆ ಬಟ್ಟೆಯ ಟೇಪ್ ಸುತ್ತಿಕೊಂಡು ಹೋಗಿದ್ದೆ. ದಪ್ಪ ಗ್ಲೌಸ್ ಒಳಗೆ ತೆಳು ಉಣ್ಣೆಯ ಗ್ಲೌಸ್ ಹಾಕಿದರೆ ಬಟನ್ ಒತ್ತುವಾಗ ಬರೀ ಹೊರಗಿನದು ತೆಗೆದರೆ ಸಾಕು.

ಹೊರಗಿನಿಂದ ಬೆಚ್ಚಗಿನ ಶೆಲ್ಟರ್ ಒಳಗೆ ಹೋಗುವಾಗ ಜಾಸ್ತಿ ಎಚ್ಚರ ಬೇಕು. ತಣ್ಣಗಿನ ಲೆನ್ಸ್ ಮೇಲೆ ಕ್ಷಣದಲ್ಲಿ ನೀರು ಕೂರುತ್ತದೆ. ಮತ್ತೆ ಹೊರಗೆ ತಂದರೆ ಆ ನೀರೇ ಮಂಜುಗಡ್ಡೆ. ಹೊರಗಿರುವಾಗಲೇ ಕ್ಯಾಮೆರಾವನ್ನು ಜಿಪ್ ಕವರಿಗೆ ಹಾಕಿ, ಗಾಳಿ ಒತ್ತಿ ತೆಗೆದು ಮುಚ್ಚಿ, ಒಳಗೆ ಒಂದೆರಡು ಗಂಟೆ ಹಾಗೇ ಬಿಡುತ್ತಿದ್ದೆ. ಇಲ್ಲಿ ಅವಸರ ಮಾಡಿದರೆ ಮುಗಿಯಿತು.

ಇಷ್ಟು ಸರಿಯಾದರೆ ಒಳ್ಳೆಯ ಫೋಟೊ ಬರುತ್ತದೆ. ಚಳಿ ಬರಬೇಕಾದರೆ ಕ್ಯಾಮೆರಾ ಎತ್ತ ಕಡೆ ತಿರುಗಿರಬೇಕು ಅನ್ನುವುದು ಬೇರೆಯೇ ಪ್ರಶ್ನೆ. ಅದನ್ನು ನನಗೆ ಬಿಡಿಸಿ ಹೇಳಿದವನು ಬೆಳಗಾವಿ ಕಡೆಯ ಒಬ್ಬ ಸೈನಿಕ. ನಾನು ಟ್ರೈಪಾಡ್ ಹೂಡಿ ಶಿಖರದ ಮೇಲಿನ ಬೆಳಕಿಗೆ ಕಾಯುತ್ತಿದ್ದೆ. ಅವನು ಚಹಾ ತಂದುಕೊಟ್ಟು, "ಅಣ್ಣಾರ, ಗುಡ್ಡ ಎಲ್ಲಾರೂ ತಗೀತಾರ್ರಿ. ನಾವು ಏನ್ ಉಣ್ತೀವಿ, ಎಲ್ಲಿ ಮಲಗತೀವಿ, ಅದನ್ನ ತಗೀರಿ. ನಮ್ಮವ್ವ ಅದನ್ನ ಕೇಳತಾಳ" ಅಂದ.

ಆಮೇಲೆ ನಾನು ಜಾಸ್ತಿ ಹೊತ್ತು ಕಳೆದದ್ದು ಶೆಲ್ಟರ್ ಒಳಗಿನ ಸೀಮೆಎಣ್ಣೆ ಸ್ಟೌವ್ ಪಕ್ಕ. ಮೇಲಿನ ಪೋಸ್ಟ್‌ಗಳಲ್ಲಿ ಬದುಕು ನಡೆಯುವುದೇ ಅಂಥ ಸ್ಟೌವ್ ಸುತ್ತ. ಹಿಮ ಕರಗಿಸಿ ನೀರು, ಅದೇ ನೀರಲ್ಲಿ ಚಹಾ, ಅದರ ಮೇಲೇ ಡಬ್ಬಿ ಊಟ ಬಿಸಿ. ಅದರ ಮಸಿ ಗೋಡೆ, ಬಟ್ಟೆ, ಮೂಗು ಎಲ್ಲ ಕಡೆ. ಮೇಲಿಂದ ಇಳಿದು ಬಂದವರು ಕೆಮ್ಮಿದರೆ ಕಫವೂ ಕಪ್ಪು ಬರುತ್ತದೆ ಅಂತ ಹೇಳಿದರು. ಟ್ರೈಪಾಡ್ ಇಡಲು ಜಾಗವಿಲ್ಲ. 35 ಎಂಎಂ ಲೆನ್ಸ್, ಮಂದ ಬೆಳಕು ಹಿಡಿಯಲು ಐಎಸ್‌ಒ 3200, ಸ್ಟೌವಿನ ಬೆಳಕು ಮಾತ್ರ. ಫ್ಲ್ಯಾಶ್ ಬೇಡ, ಅದು ಮಸಿಯನ್ನೂ ಕತ್ತಲನ್ನೂ ಕೊಂದುಬಿಡುತ್ತದೆ. ಹಿಡಿದದ್ದು ಬಿರಿದ ತುಟಿ, ಒಣಗಲು ಹಾಕಿದ ಸಾಕ್ಸ್, ಒಬ್ಬ ಇನ್ನೊಬ್ಬನ ಕಾಲ್ಬೆರಳು ಹಿಡಿದು ಬಣ್ಣ ನೋಡುವುದು. ಚಳಿಗೆ ಮೈ ಹೆಪ್ಪುಗಟ್ಟುವ ಫ್ರಾಸ್ಟ್‌ಬೈಟ್ ಶುರುವಾದರೆ ಮೊದಲು ಗೊತ್ತಾಗುವುದು ಹಾಗೇ. ಹೊರಗೆ ಉಸಿರಿನ ಹಬೆ ಕಾಣಬೇಕಾದರೆ ಬೆಳಗಿನ ಎಳೆ ಸೂರ್ಯನಿಗೆ ಎದುರಾಗಿ ತೆಗೆಯಬೇಕು. ಬೆಳಕು ನಮ್ಮ ಬೆನ್ನಿಗಿದ್ದರೆ ಉಸಿರು ಕಾಣುವುದೇ ಇಲ್ಲ.

ಇದನ್ನು ನನಗಿಂತ ಎಷ್ಟೋ ಮೊದಲು ಅಮೆರಿಕದ ಫೋಟೊಗ್ರಾಫರ್ ಡೇವಿಡ್ ಡಗ್ಲಸ್ ಡಂಕನ್ ಮಾಡಿದ್ದಾರೆ. 1950ರ ಡಿಸೆಂಬರ್, ಕೊರಿಯಾದ ಚೋಸಿನ್ ಜಲಾಶಯ. ಚೀನೀ ಸೇನೆಯ ಮುತ್ತಿಗೆಯಿಂದ ಅಮೆರಿಕದ ಮರೀನ್ ಸೈನಿಕರು ಹೊರಬರುತ್ತಿದ್ದಾರೆ. ಡಂಕನ್ ಚಿತ್ರದಲ್ಲಿ ಬೆಟ್ಟವಿಲ್ಲ, ಶತ್ರು ಇಲ್ಲ. ಒಂದು ಮುಖ, ಕೈಯಲ್ಲಿ ಹೆಪ್ಪುಗಟ್ಟಿದ ಬೀನ್ಸ್ ಡಬ್ಬಿ. ಕ್ರಿಸ್‌ಮಸ್‌ಗೆ ಏನು ಬೇಕು ಅಂತ ಕೇಳಿದ್ದಕ್ಕೆ ಆ ಸೈನಿಕ ನಾಳೆಯನ್ನು ಕೊಡಿ ಅಂದನಂತೆ. ಆ ಮುಖವನ್ನು ನಾನು ಎಷ್ಟು ನೋಡಿದರೂ ಸಾಲದು.

ಫಿನ್ಲೆಂಡಿನವರ ಚಿತ್ರಗಳು ಬೇರೆ ಥರ. 1939ರ ನವೆಂಬರ್ 30ರಿಂದ 1940ರ ಮಾರ್ಚ್ 13ರವರೆಗೆ ಸೋವಿಯತ್ ಜೊತೆ ನಡೆದ ಚಳಿಗಾಲದ ಯುದ್ಧ ಅದು. ಹಗಲು ಕೆಲವೇ ಗಂಟೆ, ಹೊಡೆದಾಟ ಕಾಡಿನೊಳಗೆ, ಫಿನ್ನರ ಮೈಮೇಲೆ ಬಿಳಿ ಉಡುಗೆ. ಹೊಡೆದಾಟ ಕ್ಯಾಮೆರಾಕ್ಕೆ ಸಿಗುವುದು ಕಷ್ಟ. ಹಾಗಾಗಿ ಉಳಿದದ್ದು ಹೆಚ್ಚಾಗಿ ಆಮೇಲಿನದು: ರಾತೆ ರಸ್ತೆಯಲ್ಲಿ ನಿಂತುಹೋದ ಸೋವಿಯತ್ ಟ್ಯಾಂಕ್, ಲಾರಿ, ಹಿಮದಲ್ಲಿ ಮರಗಟ್ಟಿದ ಹೆಣ. ಫಿನ್ಲೆಂಡ್ ಸೇನೆ 2013ರಲ್ಲಿ ಯುದ್ಧಕಾಲದ ಸುಮಾರು 1,60,000 ಚಿತ್ರಗಳನ್ನು ಇಂಟರ್ನೆಟ್ಟಿಗೆ ಹಾಕಿದೆ. ಹೆಣಗಳನ್ನು ಬಿಟ್ಟು ಕುದುರೆ, ಜಾರುಬಂಡಿ, ಡೇರೆ ಇರುವ ಚಿತ್ರಗಳನ್ನು ನಿಧಾನವಾಗಿ ನೋಡಿ. ಆ ಚಳಿಯಲ್ಲಿ ಹೇಗೆ ಬದುಕಿದರು ಅನ್ನುವುದು ಅಲ್ಲಿದೆ.

ಊರಿಗೆ ಬಂದು ಎಡಿಟ್ ಮಾಡುವಾಗ ಇನ್ನೊಂದು ಆಸೆ ಹುಟ್ಟುತ್ತದೆ. ಸ್ವಲ್ಪ ನೀಲಿ ಎಳೆದರೆ ಇನ್ನೂ ಚಳಿ ಕಾಣುತ್ತೆ ಅಲ್ವಾ? ನಾನು ಎಳೆಯುವುದಿಲ್ಲ. ನೆರಳಿನ ಹಿಮ ತಾನಾಗಿಯೇ ನೀಲಿ, ಅಷ್ಟು ಸಾಕು. ಸೋವಿಯತ್ ಫೋಟೊಗ್ರಾಫರ್ ದ್ಮಿತ್ರಿ ಬಾಲ್ಟರ್ಮಾಂಟ್ಸ್ 1942ರ ಜನವರಿಯಲ್ಲಿ ಕ್ರೈಮಿಯಾದ ಕೆರ್ಚ್‌ನಲ್ಲಿ ತೆಗೆದ, ಹೆಣಗಳ ನಡುವೆ ತಮ್ಮವರನ್ನು ಹುಡುಕುವ ಹೆಂಗಸರ ಚಿತ್ರಕ್ಕೆ ಆಮೇಲೆ ಬೇರೆ ನೆಗೆಟಿವ್‌ನಿಂದ ಕಪ್ಪು ಮೋಡ ಸೇರಿಸಿದರು. ಮೋಡದಿಂದ ಚಿತ್ರ ಗಟ್ಟಿಯಾಯಿತು ಅನ್ನುವವರಿದ್ದಾರೆ. ನನಗೆ ಆ ಹೆಂಗಸರೇ ಸಾಕಿದ್ದರು ಅನ್ನಿಸುತ್ತದೆ.

ಅಡಿಬರಹದ ವಿಷಯದಲ್ಲಿ ನಾನು ಇನ್ನೂ ಹಟಮಾರಿ. ಮೈಮೇಲೆಲ್ಲ ಹಿಮ ಮೆತ್ತಿಕೊಂಡ ರಷ್ಯಾ ಸೈನಿಕರ ಫೋಟೊ ಸಿಯಾಚಿನ್‌ನ ನಮ್ಮ ಸೈನಿಕರದ್ದು ಅಂತ ವಾಟ್ಸಾಪ್, ಫೇಸ್‌ಬುಕ್ ತುಂಬ ಓಡಾಡಿದೆ. ಹಂಚಿದವರ ಭಕ್ತಿ ನಿಜವೇ ಇರಬಹುದು. ಆದರೆ ನಿಜವಾಗಿ ಅಲ್ಲಿ ಕೂತವನ ಮುಖ ಅದರಿಂದ ಮರೆಯಾಯಿತು. ಹಾಗಾಗಿ ನನ್ನ ಪ್ರತಿ ಫೋಟೊ ಕೆಳಗೆ ಜಾಗ, ತಿಂಗಳು ಬರೆಯುತ್ತೇನೆ. ತರಬೇತಿಯದ್ದಾದರೆ ತರಬೇತಿ ಅಂತಲೇ ಬರೆಯುತ್ತೇನೆ. ಪತ್ರಿಕೆಯವರು ಆ ಮಾತು ತೆಗೆಯೋಣ ಅಂದರೆ ಫೋಟೊನೇ ಕೊಡುವುದಿಲ್ಲ.