ಮನೆ ಹತ್ತಿರದ ಕಾಡಲ್ಲಿ ಹ್ಯಾಂಡ್‌ಗನ್ ಹಿಡಿದು ಜಿಂಕೆ ಬೇಟೆ: ದೂರ ಎಷ್ಟು, ಚಾಕು ಎಂಥದ್ದು

ಇದು ಅಮೆರಿಕದಲ್ಲಿ ಇರುವವರಿಗೆ ಬರೆದದ್ದು. ಭಾರತದಲ್ಲಿ ಜಿಂಕೆ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ, ಹಾಗಾಗಿ ಅಲ್ಲಿ ಕೂತು ಓದುವವರು ಕುತೂಹಲಕ್ಕಷ್ಟೇ ಓದಿಕೊಳ್ಳಿ. ಇಲ್ಲಿ ಪೂರ್ವದ ರಾಜ್ಯಗಳಲ್ಲಿ ಕಥೆ ಬೇರೆ. ಬಿಳಿಬಾಲದ ಜಿಂಕೆಗಳು ಹಿತ್ತಲಿಗೇ ಬಂದು ಹೂಗಿಡ ಮೇಯುತ್ತವೆ, ರಾಜ್ಯ ಸರ್ಕಾರಗಳೇ ಪ್ರತಿ ವರ್ಷ ಲೈಸೆನ್ಸ್ ಕೊಟ್ಟು ಬೇಟೆ ಆಡಿಸುತ್ತವೆ.

ರೈಫಲ್ ಇರುವಾಗ ಹ್ಯಾಂಡ್‌ಗನ್ ಯಾಕೆ ಅಂತ ಕೇಳಬಹುದು. ಮನೆ ಹತ್ತಿರದ ಸಣ್ಣ ಕಾಡಲ್ಲಿ 200 ಗಜ ದೂರ ಕಾಣುವುದೇ ಇಲ್ಲ, ಮರ ಪೊದೆಗಳ ನಡುವೆ 30-40 ಗಜ ಕಂಡರೆ ಜಾಸ್ತಿ. ಆ ದೂರಕ್ಕೆ ದೊಡ್ಡ ರಿವಾಲ್ವರ್ ಸಾಕು, ಹೊತ್ತು ತಿರುಗುವುದೂ ಸುಲಭ. ಆದರೆ ಇದರಿಂದ ಹೊಡೆಯುವುದು ಸುಲಭ ಅಂದುಕೊಳ್ಳಬೇಡಿ. ರೈಫಲ್‌ಗಿಂತ ತುಂಬಾ ಕಷ್ಟ. ಇಡೀ ಆಟ ನಿಂತಿರುವುದು ಒಂದೇ ಮಾತಿನ ಮೇಲೆ: ನನ್ನ ಕೈಗೆ ಎಷ್ಟು ದೂರ ಸಾಧ್ಯ ಅಂತ ಮೊದಲೇ ಗೊತ್ತು ಮಾಡಿಕೊಂಡು, ಅದರಾಚೆ ಎಂಥ ಕೊಂಬಿನ ಜಿಂಕೆ ನಿಂತಿದ್ದರೂ ಗುಂಡು ಹಾರಿಸದೆ ಇರುವುದು.

ಮೊದಲು ಕಾಗದದ ಕೆಲಸ

ಹಂಟರ್ ಎಜುಕೇಶನ್ ಕೋರ್ಸ್ ಮುಗಿಸಿ, ಲೈಸೆನ್ಸ್ ತಗೊಂಡು, ಜಿಂಕೆಯ ಟ್ಯಾಗ್ (ಹೊಡೆದ ಜಿಂಕೆಗೆ ಕಟ್ಟುವ ಅನುಮತಿ ಚೀಟಿ) ತಗೊಳ್ಳಿ. ವೀಸಾ ಮೇಲೆ ಇರುವವರು ಇಲ್ಲಿ ಸ್ವಲ್ಪ ನಿಲ್ಲಿ. ಎಚ್‌-1ಬಿ ಥರದ ವೀಸಾದಲ್ಲಿ ಇರುವವರು ಬಂದೂಕು ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ನಿಷೇಧಿಸುತ್ತದೆ. ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಇದ್ದರೆ ಅದರಿಂದ ವಿನಾಯಿತಿ ಇದೆ. ಲೈಸೆನ್ಸ್ ಮುಗಿದ ಮರುದಿನ ಅದೇ ಬಂದೂಕು ಮನೆಯಲ್ಲಿದ್ದರೆ ತಪ್ಪು. ವೀಸಾ ಕಳಕೊಳ್ಳುವ ವಿಷಯ ಇದು, ಒಬ್ಬ ವಕೀಲರ ಹತ್ತಿರ ಕೇಳಿಕೊಂಡೇ ಮುಂದುವರಿಯಿರಿ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ. ನ್ಯೂಯಾರ್ಕ್‌ನಂಥ ರಾಜ್ಯದಲ್ಲಿ ಹ್ಯಾಂಡ್‌ಗನ್‌ಗೆ ಬೇರೆಯದೇ ಲೈಸೆನ್ಸ್ ಬೇಕು, ಬೇಟೆ ಲೈಸೆನ್ಸ್ ತೋರಿಸಿದರೆ ನಡೆಯುವುದಿಲ್ಲ.

ಮನೆ ಹತ್ತಿರ ಅಂದಾಗ ಬಿಗಿಯಾದ ನಿಯಮ ಮನೆಗಳಿಂದ ಇರಬೇಕಾದ ದೂರದ್ದು. ಪೆನ್ಸಿಲ್ವೇನಿಯಾದಲ್ಲಿ ಜನ ಇರುವ ಕಟ್ಟಡದಿಂದ 150 ಗಜದೊಳಗೆ ಅವರ ಅನುಮತಿ ಇಲ್ಲದೆ ಬಂದೂಕಿನಿಂದ ಬೇಟೆ ಆಡುವಂತಿಲ್ಲ, ನ್ಯೂಯಾರ್ಕ್‌ನಲ್ಲಿ 500 ಅಡಿ. ಎಷ್ಟು ಕ್ಯಾಲಿಬರ್ (ಗುಂಡಿನ ದಪ್ಪ), ನಳಿಗೆ ಎಷ್ಟು ಉದ್ದ, ಯಾವ ವಾರ, ಇವೆಲ್ಲ ರಾಜ್ಯದಿಂದ ರಾಜ್ಯಕ್ಕೆ ಬೇರೆ, ಕೆಲವು ವರ್ಷದಿಂದ ವರ್ಷಕ್ಕೂ ಬದಲಾಗುತ್ತವೆ. ನಿಮ್ಮ ರಾಜ್ಯದ ಈ ವರ್ಷದ ನಿಯಮ ಪುಸ್ತಕ ಓದಿ, ಗೆಳೆಯ ಹೇಳಿದ್ದನ್ನು ನಂಬಿ ಹೋಗಬೇಡಿ. ಅಕ್ಕಪಕ್ಕದವರಿಗೂ ಮೊದಲೇ ಹೇಳಿ. ಗಾಯವಾದ ಜಿಂಕೆ ಓಡುವಾಗ ಬೇಲಿ ನೋಡಿ ನಿಲ್ಲುವುದಿಲ್ಲ, ಅವರ ಜಾಗಕ್ಕೆ ಹೋಗಿ ಹುಡುಕಬೇಕಾದಾಗ ಆಗ ಹೋಗಿ ಕದ ತಟ್ಟುವುದು ಚೆನ್ನಾಗಿರಲ್ಲ.

ಯಾವ ಹ್ಯಾಂಡ್‌ಗನ್

ಮ್ಯಾಗ್ನಂ ಅಂದರೆ ಹೆಚ್ಚು ಶಕ್ತಿಯ ಗುಂಡಿನ ಜಾತಿ. .357 ಮ್ಯಾಗ್ನಂ 1935ರಲ್ಲಿ ಬಂದದ್ದು, .44 ಮ್ಯಾಗ್ನಂ 1955ರಲ್ಲಿ. ಜಿಂಕೆಗೆ ಮೊದಲನೆಯದು ಕನಿಷ್ಠ, ಹತ್ತಿರದಿಂದ ಮಾತ್ರ. ಎರಡನೆಯದು ಸರಿಯಾದ ಅಳತೆ. ನಳಿಗೆ 6ರಿಂದ 7.5 ಇಂಚು ಇರಲಿ. ರೂಗರ್ ಸೂಪರ್ ಬ್ಲ್ಯಾಕ್‌ಹಾಕ್ ಥರದ ಸಿಂಗಲ್ ಆಕ್ಷನ್ ರಿವಾಲ್ವರ್ (ಪ್ರತಿ ಗುಂಡಿಗೂ ಹ್ಯಾಮರನ್ನು ಕೈಯಿಂದ ಎಳೆಯಬೇಕಾದದ್ದು) ಗಟ್ಟಿ, ಸರಳ. ಒಂದೇ ಗುಂಡಿನ ಥಾಂಪ್ಸನ್ ಸೆಂಟರ್ ಕಂಟೆಂಡರ್ 1967ರಲ್ಲಿ ಬಂದದ್ದು, ನಳಿಗೆ ಬದಲಾಯಿಸಿ ಬೇರೆ ಕ್ಯಾಲಿಬರ್ ಹಾಕಿಕೊಳ್ಳಬಹುದು. ಸೊಂಟಕ್ಕೆ ಕಟ್ಟಿಕೊಳ್ಳುವ 9 ಎಂಎಂ ಪಿಸ್ತೂಲು ಮಾತ್ರ ಬೇಡ, ಅದು ಜಿಂಕೆಗೆ ಆಗುವಂಥದ್ದಲ್ಲ. ಗುಂಡು .44ರಲ್ಲಿ 240 ಗ್ರೇನ್ (ಸುಮಾರು 15.5 ಗ್ರಾಂ) ತೂಕದ್ದು ಸಾಮಾನ್ಯ, ನಳಿಗೆಯ ಉದ್ದ ನೋಡಿಕೊಂಡು ಸೆಕೆಂಡಿಗೆ 1200ರಿಂದ 1400 ಅಡಿ ವೇಗದಲ್ಲಿ ಹೋಗುತ್ತದೆ. ಬೇಟೆಗೆಂದೇ ಮಾಡಿದ ಗುಂಡು ಬೇಕು. ಆತ್ಮರಕ್ಷಣೆಗೆ ಮಾಡಿದ ಹಗುರ ಗುಂಡುಗಳು ಬೇಗ ಅರಳಿ ಮೇಲ್ಮೇಲೆ ನಿಂತುಬಿಡುತ್ತವೆ.

ಕಿವಿಗೆ ಮಫ್ ಹಾಕಿಕೊಳ್ಳದೆ ಒಂದು ಗುಂಡನ್ನೂ ಹಾರಿಸಬೇಡಿ, ಕಾಡಲ್ಲೂ ಅಷ್ಟೇ. ಮ್ಯಾಗ್ನಂ ಸದ್ದು 150 ಡೆಸಿಬೆಲ್ ದಾಟುತ್ತದೆ, ಒಂದೇ ಸಲಕ್ಕೆ ಕಿವಿ ಹಾಳಾಗಬಹುದು. ಎಲೆಕ್ಟ್ರಾನಿಕ್ ಮಫ್ ಇದ್ದರೆ ತರಗೆಲೆ ಸದ್ದೂ ಕೇಳುತ್ತದೆ, ಗುಂಡಿನ ಸದ್ದಿಗೆ ತಾನೇ ಮುಚ್ಚಿಕೊಳ್ಳುತ್ತದೆ.

ನಿಮ್ಮ ದೂರ ಕಂಡುಹಿಡಿಯುವುದು

6 ಇಂಚಿನ ಕಾಗದದ ತಟ್ಟೆ ತಗೊಳ್ಳಿ. 15 ಗಜದಿಂದ ಶುರು ಮಾಡಿ. ಬೆಂಚಿನ ಮೇಲೆ ಮರಳುಚೀಲ ಇಟ್ಟು ಹೊಡೆದದ್ದನ್ನು ಲೆಕ್ಕಕ್ಕೆ ತಗೋಬೇಡಿ, ಕಾಡಲ್ಲಿ ಹೇಗೆ ಕೂರುತ್ತೀರೋ ಹಾಗೇ ಕೂತು, ಕೋಲಿನ ಆಸರೆ ಇದ್ದರೆ ಅದನ್ನೇ ಇಟ್ಟು ಹೊಡೆಯಿರಿ. ಆರಕ್ಕೆ ಆರೂ ತಟ್ಟೆಗೆ ಬಿದ್ದರೆ 5 ಗಜ ಹಿಂದೆ ಹೋಗಿ. ಒಂದು ಹೊರಗೆ ಹೋಯಿತೋ, ಅಲ್ಲಿಂದ ಹಿಂದಿನ ದೂರವೇ ನಿಮ್ಮ ದೂರ. ಅದರಲ್ಲೂ ಚಳಿಗೆ, ದಪ್ಪ ಕೋಟಿಗೆ, ಎದೆ ಬಡಿತಕ್ಕೆ ಅಂತ ಸ್ವಲ್ಪ ಕಳೆಯಿರಿ. ಸಾದಾ ಸೈಟ್ ಇದ್ದವರಿಗೆ ಹೆಚ್ಚಾಗಿ 40-50 ಗಜಕ್ಕೆ ಬಂದು ನಿಲ್ಲುತ್ತದೆ. ಅದಕ್ಕೂ ಕಡಿಮೆ ಬಂದರೆ ನಾಚಿಕೆ ಏನಿಲ್ಲ, 25 ಗಜದ ಜಾಗ ಹುಡುಕಿ ಕೂತರಾಯಿತು. ರೆಡ್ ಡಾಟ್ (ಕೆಂಪು ಚುಕ್ಕಿ ತೋರಿಸುವ ಸೈಟ್) ಹಾಕಿದರೆ ಮುಸ್ಸಂಜೆ ಬೆಳಕಲ್ಲಿ ತುಂಬಾ ಅನುಕೂಲ.

ಗುರಿ ತಪ್ಪುವುದು ಬಹುತೇಕ ಬೆಚ್ಚುವುದರಿಂದ. ಗುಂಡು ಹಾರುವ ಮೊದಲೇ ಕೈ ಅದುರಿ ನಳಿಗೆ ಕೆಳಗೆ ಹೋಗುತ್ತದೆ. ಇದಕ್ಕೆ ಮದ್ದು ಇದೆ: ಗೆಳೆಯರೊಬ್ಬರು ರಿವಾಲ್ವರ್‌ನ ಗುಂಡು ತುಂಬುವ ಸಿಲಿಂಡರ್‌ಗೆ ಕೆಲವು ಖಾಲಿ ಕೇಸ್, ಕೆಲವು ನಿಜವಾದ ಗುಂಡು ಕಲೆಸಿ ಹಾಕಿ ಕೊಡಲಿ. ಖಾಲಿ ಬಂದಾಗ ನಳಿಗೆ ಕುಣಿದರೆ ಸಿಕ್ಕಿಬಿದ್ದಿರಿ. ಅಭ್ಯಾಸಕ್ಕೆ .44 ಮ್ಯಾಗ್ನಂನಲ್ಲಿ .44 ಸ್ಪೆಷಲ್, .357ರಲ್ಲಿ .38 ಸ್ಪೆಷಲ್ ಹಾಕಬಹುದು, ಒದೆತ ಕಡಿಮೆ. ಹಾಂ, ಸಿಲಿಂಡರ್ ಮತ್ತು ನಳಿಗೆ ಸೇರುವ ಸಂದಿಯ ಹತ್ತಿರ ಬೆರಳು ಇಡಬೇಡಿ. ಅಲ್ಲಿಂದ ಬಿಸಿ ಗಾಳಿ ಚೂರಿಯ ಹಾಗೆ ನುಗ್ಗುತ್ತದೆ.

ಚಾಕು

ಚಾಕು ಇರುವುದು ಬಿದ್ದ ಜಿಂಕೆಯನ್ನು ಬಿಡಿಸಲು, ಕೊಲ್ಲಲು ಅಲ್ಲ. ಬದುಕಿರುವ ಜಿಂಕೆ ಹತ್ತಿರ ಚಾಕು ಹಿಡಿದು ಹೋದರೆ ಗೊರಸಿನ ಏಟು ಖಂಡಿತ. ಅದಕ್ಕೆ ಇನ್ನೊಂದು ಗುಂಡೇ ಸರಿ.

ಈ ಚಾಕುವನ್ನು ನೀವೇ ಮಾಡಿಕೊಳ್ಳಬಹುದು. ಹೊಸಬರು ದೊಡ್ಡ ಚಾಕು ಮಾಡುತ್ತಾರೆ. ಬೇಡ. 3.5 ಇಂಚಿನ ಅಲಗು ಸಾಕು, ಮೊನೆ ಸ್ವಲ್ಪ ಕೆಳಗೆ ಬಾಗಿದ ಡ್ರಾಪ್ ಪಾಯಿಂಟ್ ಆಕಾರ. ಹೊಟ್ಟೆ ಸೀಳುವಾಗ ಮೊನೆ ಕರುಳಿಗೆ ಚುಚ್ಚಿಕೊಳ್ಳುವುದು ಇದರಲ್ಲಿ ಕಡಿಮೆ. ಈ ಆಕಾರವನ್ನು ಬೇಟೆಗಾರರ ಚಾಕುಗಳಲ್ಲಿ ಜನಪ್ರಿಯ ಮಾಡಿದವರು ಅಮೆರಿಕದ ಚಾಕು ತಯಾರಕ ಬಾಬ್ ಲವ್‌ಲೆಸ್.

ಮೊದಲ ಚಾಕುವಿಗೆ 1084 ಉಕ್ಕಿನ ಪಟ್ಟಿ ಕೊಳ್ಳಿ, 3 ಮಿ.ಮೀ. ದಪ್ಪ. ಹಳೆ ಅರ, ಸ್ಪ್ರಿಂಗ್ ಪಟ್ಟಿ ಬಳಸಿಯೂ ಮಾಡುತ್ತಾರೆ, ಆದರೆ ಅದು ಯಾವ ಉಕ್ಕು ಅಂತ ಗೊತ್ತಿಲ್ಲದೆ ಹದ ಹಾಕುವುದು ಕುರುಡು ಕೆಲಸ. 1084ರಲ್ಲಿ ಇಂಗಾಲ ಸುಮಾರು 0.84 ಶೇಕಡಾ, ಸಣ್ಣ ಕುಲುಮೆಯಲ್ಲೂ ಸರಿಯಾಗಿ ಗಟ್ಟಿಯಾಗುತ್ತದೆ. ಅರದಿಂದ ಆಕಾರ ತೆಗೆಯಿರಿ, ಹಿಡಿಯ ತೂತು ಈಗಲೇ ಕೊರೆಯಿರಿ, ಹದ ಹಾಕಿದ ಮೇಲೆ ಡ್ರಿಲ್ ಇಳಿಯಲ್ಲ. ಬಾಯಿಯನ್ನು ಈಗಲೇ ಹರಿತ ಮಾಡಬೇಡಿ, ಸುಮಾರು 1 ಮಿ.ಮೀ. ದಪ್ಪ ಬಿಡಿ, ಇಲ್ಲದಿದ್ದರೆ ಎಣ್ಣೆಗೆ ಅದ್ದಿದಾಗ ಸೊಟ್ಟಗಾಗುತ್ತದೆ.

ಹದ ಹಾಕುವುದು ಮನೆ ಹೊರಗೆ. ಅಲಗು ಕಾಯುತ್ತಾ ಬಂದ ಹಾಗೆ ಅಯಸ್ಕಾಂತ ಮುಟ್ಟಿಸಿ ನೋಡಿ. ಸುಮಾರು 770 ಡಿಗ್ರಿ ಸೆಲ್ಸಿಯಸ್‌ಗೆ ಉಕ್ಕು ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಅಲ್ಲಿಂದ ಬಣ್ಣ ಇನ್ನೊಂದು ಚೂರು ತಿಳಿಯಾಗುವಷ್ಟು, ಅಂದರೆ 815ರ ಆಸುಪಾಸಿಗೆ ಕಾಯಿಸಿ, ತಕ್ಷಣ ಉಗುರು ಬೆಚ್ಚಗಿಂತ ಜಾಸ್ತಿ ಬಿಸಿಯಾದ, ಸುಮಾರು 55 ಡಿಗ್ರಿಯ ಕನೋಲಾ ಎಣ್ಣೆಗೆ ನೇರವಾಗಿ ಅದ್ದಿ. ಎಣ್ಣೆ ಹೊತ್ತಿಕೊಳ್ಳಬಹುದು. ಲೋಹದ ಪಾತ್ರೆ, ಅದಕ್ಕೆ ಮುಚ್ಚಳ, ಕೈಗೆ ದಪ್ಪ ಗ್ಲೌಸ್ ಇರಲಿ, ಬೆಂಕಿಗೆ ನೀರು ಮಾತ್ರ ಹಾಕಬೇಡಿ. ತಣ್ಣಗಾದ ಮೇಲೆ ಅರ ಹಾಕಿ ನೋಡಿ, ಕಚ್ಚದೆ ಜಾರಿದರೆ ಗಟ್ಟಿಯಾಗಿದೆ ಅಂತ. ಆದರೆ ಈಗ ಅದು ಗಾಜಿನಷ್ಟು ಪೆಡಸು. ಅದೇ ದಿನ ಓವನ್‌ನಲ್ಲಿ 200 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟು, ತಣಿಸಿ, ಮತ್ತೆ ಎರಡು ಗಂಟೆ ಇಡಿ. ಆಮೇಲೆ ಸಾಣೆ ಹಿಡಿಯುವಾಗ ಅಲಗು ಬರಿ ಕೈಗೆ ಬಿಸಿ ತಾಗುವ ಮುಂಚೆ ನೀರಿಗೆ ಅದ್ದುತ್ತಿರಿ, ನೀಲಿ ಬಣ್ಣ ಬಂದರೆ ಆ ಭಾಗದ ಹದ ಹೋಯಿತು. ಬಾಯಿಯ ಕೋನ ಒಂದೊಂದು ಬದಿಗೆ 20 ಡಿಗ್ರಿ.

ಹಿಡಿಗೆ ಮೈಕಾರ್ಟಾ (ಬಟ್ಟೆ ಪದರಗಳನ್ನು ರಾಳದಲ್ಲಿ ಅಂಟಿಸಿ ಮಾಡಿದ ಗಟ್ಟಿ ಹಲಗೆ) ಒಳ್ಳೆಯದು, ಒದ್ದೆ ಕೈಗೂ ಜಾರಲ್ಲ. ಕಿತ್ತಳೆ ಬಣ್ಣದ್ದು ಹಾಕಿ, ಚಂದ ಕಡಿಮೆಯಾದರೂ ಪರವಾಗಿಲ್ಲ, ತರಗೆಲೆ ಮೇಲೆ ಇಟ್ಟ ಕಂದು ಹಿಡಿ ಮತ್ತೆ ಕಣ್ಣಿಗೆ ಬೀಳುವುದಿಲ್ಲ. ಅದನ್ನು ಉಜ್ಜುವಾಗ ಮಾಸ್ಕ್ ಹಾಕಿ. ಪುರುಸೊತ್ತು ಇದ್ದರೆ ಚರ್ಮ ಸುಲಿಯಲು ಬಾಯಿ ದುಂಡಗೆ ಉಬ್ಬಿರುವ ಇನ್ನೊಂದು ಚಾಕು ಮಾಡಿಕೊಳ್ಳಿ.

ಕೂರುವುದು, ಹೊಡೆಯುವುದು

ಜಿಂಕೆ ಮಲಗುವ ಪೊದೆ ಮತ್ತು ಮೇಯುವ ಜಾಗದ ನಡುವಿನ ಜಾಡು ಹುಡುಕಿ. ಹೆಜ್ಜೆ, ಹಿಕ್ಕೆ, ಮರಕ್ಕೆ ಕೊಂಬು ಉಜ್ಜಿದ ಗುರುತು ನೋಡಿ. ಬಿಳಿ ಓಕ್ ಮರದ ಕಾಯಿ ಉದುರುತ್ತಿದ್ದರೆ ಅಲ್ಲೇ ಕೂರಿ. ಗಾಳಿ ಜಿಂಕೆ ಕಡೆಯಿಂದ ನಿಮ್ಮ ಕಡೆಗೆ ಬರಬೇಕು, ಅದು ತಿರುಗಿದರೆ ಎದ್ದು ಮನೆಗೆ ಹೋಗಿ, ಮನೆ ಹತ್ತಿರ ತಾನೇ. ಉತ್ತರದ ರಾಜ್ಯಗಳಲ್ಲಿ ನವೆಂಬರ್ ಬೆದೆ ಕಾಲ, ಗಂಡುಗಳು ಹಗಲಲ್ಲೂ ಓಡಾಡುತ್ತವೆ. ಕೂತ ಕೂಡಲೇ ನಿಮ್ಮ ದೂರದ ಗೆರೆಯ ಮರಗಳನ್ನು ರೇಂಜ್‌ಫೈಂಡರ್‌ನಿಂದ ಅಳೆದು ನೆನಪಿಟ್ಟುಕೊಳ್ಳಿ.

ಮರದ ಮೇಲಿನ ಅಟ್ಟಣೆಯಿಂದ ಹೊಡೆದರೆ ಗುಂಡು ನೆಲಕ್ಕೆ ಹೋಗುತ್ತದೆ, ಮನೆಗಳಿರುವ ಕಡೆ ಇದೇ ಒಳ್ಳೆಯದು. .44ರ ಗುಂಡು ತಡೆಯಿಲ್ಲದಿದ್ದರೆ ಒಂದು ಮೈಲಿಗೂ ಹೆಚ್ಚು ಹೋಗಬಲ್ಲದು, ಹಾಗಾಗಿ ಜಿಂಕೆ ಹಿಂದೆ ಮಣ್ಣು ಕಾಣದಿದ್ದರೆ ಹೊಡೆಯಬೇಡಿ. ಹತ್ತುವ ಮೊದಲಿಂದ ಇಳಿಯುವವರೆಗೆ ಹಾರ್ನೆಸ್ (ಬೀಳದಂತೆ ಮೈಗೆ ಕಟ್ಟಿ ಮರಕ್ಕೆ ಬಿಗಿಯುವ ಪಟ್ಟಿ) ಕಟ್ಟಿರಿ. ಗನ್ ಖಾಲಿ ಮಾಡಿ, ಹಗ್ಗ ಕಟ್ಟಿ ಆಮೇಲೆ ಮೇಲೆ ಎಳೆದುಕೊಳ್ಳಿ.

ಜಿಂಕೆ ಅಡ್ಡ ನಿಂತಿರಬೇಕು ಅಥವಾ ಸ್ವಲ್ಪ ಆಚೆ ತಿರುಗಿರಬೇಕು. ಮುಂಗಾಲಿನ ಹಿಂದೆ, ಎದೆಯ ಎತ್ತರದ ಕೆಳಗಿನ ಮೂರನೇ ಒಂದು ಭಾಗಕ್ಕೆ ಗುರಿ. ಎದುರಿಗೆ ಮುಖ ಮಾಡಿ ನಿಂತದ್ದು, ನಡೆಯುತ್ತಿರುವುದು, ತಲೆ, ಕುತ್ತಿಗೆ ಯಾವುದೂ ಬೇಡ. ಹೊಡೆದ ಮೇಲೆ ಅದು ಓಡುತ್ತದೆ, ಬಹಳಷ್ಟು ಸಲ ಹೃದಯಕ್ಕೆ ಬಿದ್ದರೂ ಓಡುತ್ತದೆ. ಅರ್ಧ ಗಂಟೆ ಕಾಯಿರಿ. ರಕ್ತ ತಿಳಿ ಕೆಂಪಾಗಿ ನೊರೆ ನೊರೆಯಾಗಿದ್ದರೆ ಶ್ವಾಸಕೋಶ, ಹತ್ತಿರದಲ್ಲೇ ಬಿದ್ದಿರುತ್ತದೆ. ಕಪ್ಪು ಕೆಂಪಾದರೆ ಲಿವರ್, ಮೂರು ನಾಲ್ಕು ಗಂಟೆ ಬಿಡಿ. ಹಸಿರು ಕಲೆತು ವಾಸನೆ ಬಂದರೆ ಹೊಟ್ಟೆಗೆ ಬಿದ್ದಿದೆ, ಇನ್ನೂ ಹೆಚ್ಚು ಹೊತ್ತು ಕಾಯಬೇಕು. ಆತುರದಲ್ಲಿ ಹಿಂದೆ ಹೋದರೆ ಎದ್ದು ಪಕ್ಕದ ಊರು ಸೇರುತ್ತದೆ.

ಬಿಡಿಸುವುದು

ಮೊದಲು ಟ್ಯಾಗ್, ಆಮೇಲೆ ಚಾಕು. ಗ್ಲೌಸ್ ಹಾಕಿ. ಜಿಂಕೆಯನ್ನು ಬೆನ್ನ ಮೇಲೆ ಮಲಗಿಸಿ, ತಲೆ ಎತ್ತರದ ಕಡೆಗೆ. ಗುದದ ಸುತ್ತ ಬಿಡಿಸಿಕೊಳ್ಳಿ. ಎದೆಮೂಳೆಯ ಕೆಳಗೆ ಚರ್ಮವನ್ನೂ ಒಳಗಿನ ತೆಳು ಪೊರೆಯನ್ನೂ ಚಿಕ್ಕದಾಗಿ ತೆರೆದು, ಎರಡು ಬೆರಳು ಒಳಗೆ ಹಾಕಿ ಕರುಳನ್ನು ಕೆಳಗೆ ಒತ್ತಿ, ಬೆರಳ ನಡುವೆ ಅಲಗಿನ ಬಾಯಿ ಮೇಲ್ಮುಖ ಮಾಡಿ ನಿಧಾನಕ್ಕೆ ಸೀಳಿಕೊಂಡು ಬನ್ನಿ. ಸಣ್ಣ ಚಾಕು ಯಾಕೆ ಅಂತ ಇಲ್ಲಿ ಗೊತ್ತಾಗುತ್ತದೆ. ಎದೆ ಮತ್ತು ಹೊಟ್ಟೆ ನಡುವಿನ ಪೊರೆಯನ್ನು ಪಕ್ಕೆಲುಬಿನ ಉದ್ದಕ್ಕೂ ಕತ್ತರಿಸಿ, ಕೈಯನ್ನು ಎದೆಯೊಳಗೆ ಮೇಲಕ್ಕೆ ಹಾಕಿ ಗಂಟಲ ಕೊಳವೆ ಕತ್ತರಿಸಿ ಎಳೆದರೆ ಎಲ್ಲ ಒಟ್ಟಿಗೆ ಬರುತ್ತದೆ. ಆ ಕೈ ಕಾಣದ ಜಾಗದಲ್ಲೇ ಜನ ಬೆರಳು ಕೊಯ್ದುಕೊಳ್ಳುವುದು, ಹುಷಾರು. ಮೂತ್ರಕೋಶ ಒಡೆಯದ ಹಾಗೆ ನೋಡಿ. ಮಗುಚಿ ಹಾಕಿ ರಕ್ತ ಬಸಿಯಿರಿ, ಆಮೇಲೆ ಎದೆಗೆ ಒಂದು ಕಡ್ಡಿ ಆನಿಸಿ ಗಾಳಿ ಆಡಲು ಬಿಡಿ.

ಸೀಸದ ಗುಂಡಾದರೆ ಗಾಯದ ಸುತ್ತ ಧಾರಾಳವಾಗಿ ಕತ್ತರಿಸಿ ಬಿಸಾಡಿ, ಕಣ್ಣಿಗೆ ಕಾಣದ ಚೂರುಗಳು ದೂರದವರೆಗೆ ಹೋಗಿರುತ್ತವೆ. ಮಕ್ಕಳಿರುವ ಮನೆಯಲ್ಲಿ ತಾಮ್ರದ ಗುಂಡು ಬಳಸುವುದೇ ಮೇಲು. ಮೆದುಳು, ಬೆನ್ನುಹುರಿಗೆ ಚಾಕು ತಾಗಿಸಬೇಡಿ, ಮೂಳೆಯಿಂದ ಮಾಂಸ ಬಿಡಿಸಿಕೊಂಡರೆ ಸಾಕು. ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಅನ್ನೋ, ಜಿಂಕೆಗಳ ಮೆದುಳನ್ನು ಹಾಳುಮಾಡುವ ಕಾಯಿಲೆ 1967ರಲ್ಲಿ ಕೊಲರಾಡೋದಲ್ಲಿ ಮೊದಲು ಗಮನಕ್ಕೆ ಬಂತು, ಈಗ ಬಹಳ ರಾಜ್ಯಗಳಲ್ಲಿ ಇದೆ. ಅದು ಇರುವ ಪ್ರದೇಶವಾದರೆ ಪರೀಕ್ಷೆಗೆ ಕೊಟ್ಟು, ಫಲಿತಾಂಶ ಬರುವವರೆಗೆ ಮಾಂಸವನ್ನು ಬೇರೆ ಪೊಟ್ಟಣದಲ್ಲಿ ಗುರುತು ಹಾಕಿ ಫ್ರೀಜರ್‌ನಲ್ಲಿಡಿ. ಚಾಕುವನ್ನು ಅವತ್ತೇ ತೊಳೆದು ಒರೆಸಿ ಮಿನರಲ್ ಆಯಿಲ್ ಸವರಿ, ಚರ್ಮದ ಒರೆಯಿಂದ ಹೊರಗೇ ಇಡಿ, ಒರೆಯಲ್ಲೇ ಬಿಟ್ಟರೆ 1084 ತುಕ್ಕು ಹಿಡಿಯುತ್ತದೆ.